ಶಾಲೆ ಬ್ಯಾಂಡಿಗೆ ಮಗಳಿಗೆ ಕೊಂಡ ಕ್ಲಾರಿನೆಟ್: ಯಮಾಹಾ 255, ಹದಿನಾಲ್ಕು ತಿಂಗಳ ನಂತರ

ಮಗಳು ಏಳನೇ ಕ್ಲಾಸಿಗೆ ಹೋದ ವರ್ಷ ಶಾಲೆಯ ಬ್ಯಾಂಡಿಗೆ ಸೇರಿದಳು. ಈಗ ಎಂಟನೇ ಕ್ಲಾಸು. ಹದಿನಾಲ್ಕು ತಿಂಗಳಿಂದ ಅವಳು ಊದುತ್ತಿರುವುದು ಯಮಾಹಾ ಕಂಪನಿಯ ವೈಸಿಎಲ್ 255 ಅನ್ನೋ ಕ್ಲಾರಿನೆಟ್. ಸೆಕೆಂಡ್ ಹ್ಯಾಂಡ್, ಇಲ್ಲೇ ಬೆಳಗಾವಿಯಲ್ಲಿ ತಗೊಂಡಿದ್ದು. ಮೊದಲೇ ಹೇಳಿಬಿಡುತ್ತೇನೆ, ವಾದ್ಯ ನಮಗೆ ತುಂಬಾ ಚೆನ್ನಾಗಿ ಬಂದಿದೆ, ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆದರೆ ಇದಕ್ಕೂ ಮೊದಲು ಇನ್ನೊಂದು ವಾದ್ಯಕ್ಕೆ ದುಡ್ಡು ಹಾಕಿ ಕಳೆದುಕೊಂಡೆವು. ದುಡ್ಡು ಹೋಗಲಿ, ಮಗಳ ಮೂರು ತಿಂಗಳ ಹುರುಪು ಹೋಯಿತು. ಅದನ್ನು ಬಿಟ್ಟು ಬರೀ ಕ್ಲಾರಿನೆಟ್ ಹೊಗಳಿದರೆ ಯಾವ ಪಾಲಕರಿಗೂ ಉಪಯೋಗವಿಲ್ಲ. ಅದಕ್ಕೆ ಎರಡನ್ನೂ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ಮೊದಲಿಂದ ಸೈಡ್ ಡ್ರಮ್, ಬೇಸ್ ಡ್ರಮ್, ದೊಡ್ಡ ತಾಳ, ನಾಲ್ಕು ಬ್ಯೂಗಲ್ ಇದ್ದವು. ಎಲ್ಲಾ ಶಾಲೆಯವೇ. ಬ್ಯಾಂಡ್ ಸರ್ ಹೊಸದಾಗಿ ಬಂದ ಮೇಲೆ, ಊದುವ ವಾದ್ಯ ಇನ್ನೂ ಸೇರಿಸೋಣ, ಮಕ್ಕಳು ಹಾಡು ನುಡಿಸಲಿ ಅಂದರು. ಬ್ಯೂಗಲ್‌ಗೆ ವಾಲ್ವ್, ಅಂದರೆ ಸ್ವರ ಬದಲಿಸಲು ಬೆರಳಿಂದ ಒತ್ತುವ ಗುಂಡಿ, ಇರುವುದಿಲ್ಲ. ತುಟಿ ಬಿಗಿ ಮಾಡಿ, ಸಡಿಲ ಮಾಡಿ ತೆಗೆಯಬೇಕಾದ ನಾಲ್ಕೈದು ಸ್ವರಗಳು ಅಷ್ಟೇ. ಸಲಾಮಿಗೆ ಸಾಕು, ಹಾಡಿಗೆ ಸಾಲದು. ಹೀಗಾಗಿ ಟ್ರಂಪೆಟ್, ಕ್ಲಾರಿನೆಟ್, ಫ್ಲೂಟ್ ಬೇಕಾದವು, ಅವನ್ನು ಪಾಲಕರೇ ತರಬೇಕಿತ್ತು.

ನಾನು ಸರ್ ಹತ್ತಿರ ಒಂದು ಮಾತು ಕೇಳದೆ ಮೊಬೈಲಿನಲ್ಲಿ ಹುಡುಕಿ ಟ್ರಂಪೆಟ್ ತರಿಸಿದೆ. 7,200 ರೂಪಾಯಿ. ಥಳಥಳ ಹೊಳೆಯುತ್ತಿತ್ತು. ಚೀಲ, ಬಿಳಿ ಕೈಗವಸು, ಒರೆಸೋ ಬಟ್ಟೆ ಎಲ್ಲಾ ಜೊತೆಗೆ. ಮಗಳು ಅವತ್ತು ರಾತ್ರಿ ಅದನ್ನು ಪಕ್ಕಕ್ಕೆ ಇಟ್ಟುಕೊಂಡೇ ಮಲಗಿದಳು.

ಎರಡನೇ ವಾರಕ್ಕೆ ನಡುವಿನ ವಾಲ್ವ್ ಒತ್ತಿದರೆ ಕೆಳಗೇ ಕೂರತೊಡಗಿತು. ಎಣ್ಣೆ ಹಾಕಿದರೆ ಒಂದು ದಿನ ಸರಿ, ಮತ್ತೆ ಅದೇ ಕತೆ. ನಾನು ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪಿನಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತೇನೆ. ದಿನಾ ಮೈಕ್ರೋಮೀಟರ್ ಹಿಡಿಯುವ ಕೈ. ಒಂದು ದಿನ ಮೂರೂ ವಾಲ್ವಿನ ಪಿಸ್ಟನ್ ಬಿಚ್ಚಿ ಕೆಲಸಕ್ಕೆ ತಗೊಂಡು ಹೋಗಿ ಅಳೆದೆ. ಒಂದರ ಅಳತೆ ಇನ್ನೊಂದಕ್ಕಿಲ್ಲ, ನಡುವಿನದಂತೂ ಸರಿಯಾಗಿ ದುಂಡಗೇ ಇಲ್ಲ. ಟ್ರಂಪೆಟ್ಟಿನಲ್ಲಿ ಪಿಸ್ಟನ್‌ಗೂ ಅದು ಓಡಾಡುವ ಕೊಳವೆಗೂ ನಡುವೆ ಇರಬೇಕಾದ ಸಂದು ತಲೆಕೂದಲಿನ ದಪ್ಪಕ್ಕಿಂತ ಕಡಿಮೆ. ಜಾಸ್ತಿ ಆದರೆ ಗಾಳಿ ಸೋರುತ್ತದೆ, ಕಡಿಮೆ ಆದರೆ ಸಿಕ್ಕಿಕೊಳ್ಳುತ್ತದೆ. ಇದರಲ್ಲಿ ಒಂದು ಕಡೆ ಸೋರಿಕೆ, ಇನ್ನೊಂದು ಕಡೆ ಬಿಗಿ. ಶ್ರುತಿ ಸರಿ ಮಾಡುವ ಸ್ಲೈಡ್ ಪೂರ್ತಿ ಹೊರಗೆ ಎಳೆದರೂ ಸ್ವರ ಏರಿಯೇ ಇರುತ್ತಿತ್ತು.

ಇದು ನನಗೆ ಗೊತ್ತಾಗಿದ್ದು ಮೂರು ತಿಂಗಳಾದ ಮೇಲೆ. ಅಲ್ಲಿವರೆಗೆ ಮಗಳು ದಿನಾ ಸಂಜೆ ಅರ್ಧ ತಾಸು ಊದುತ್ತಿದ್ದಳು. ತುಟಿ ಬಾತುಕೊಳ್ಳುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಮೆಲ್ಲಗೆ "ಅಪ್ಪಾ, ನನ್ನ ತುಟಿನೇ ಇದಕ್ಕ ಸರಿ ಇಲ್ಲ ಅನಸ್ತದ, ನಾ ಬ್ಯಾಂಡ್ ಬಿಡ್ಲ್ಯಾ?" ಅಂದಳು. ಮರುದಿನ ಟ್ರಂಪೆಟ್ ತಗೊಂಡು ಬ್ಯಾಂಡ್ ಸರ್ ಹತ್ತಿರ ಹೋದೆ. ಅವರು ತಮ್ಮ ಸ್ವಂತ ಮೌತ್‌ಪೀಸ್ ಹಾಕಿ ಊದಿದರು. ಎರಡು ನಿಮಿಷಕ್ಕೆ ಕೆಳಗಿಟ್ಟರು. "ಇದರಾಗ ನನಗ ಸೂರ ಹತ್ತವಲ್ದರಿ, ಪಾಪ ಹುಡುಗಿಗೆ ಹೆಂಗ ಹತ್ತಬೇಕು?" ಅಂದರು.

ಆ ಮಾತು ಕೇಳಿ ನನಗೆ ಆದ ಸಂಕಟ ಇನ್ನೂ ಹೋಗಿಲ್ಲ. ಕೆಟ್ಟಿದ್ದು ವಾದ್ಯ, ಮೂರು ತಿಂಗಳು ತನ್ನನ್ನೇ ಬೈದುಕೊಂಡಿದ್ದು ಮಗು. ಹೊಸದಾಗಿ ಕಲಿಯುವ ಮಕ್ಕಳಿಗೆ ಹೋಲಿಸಿ ನೋಡಲು ಇನ್ನೊಂದು ವಾದ್ಯ ಇರುವುದಿಲ್ಲ ಅಲ್ವಾ? ಸ್ವರ ಬರಲಿಲ್ಲ ಅಂದರೆ ನನಗೇ ಬರಲ್ಲ ಅಂದುಕೊಳ್ಳುತ್ತಾರೆ. ಹತ್ತು ವರ್ಷ ಊದಿದವರು ಕೆಟ್ಟ ವಾದ್ಯವನ್ನೂ ಹೇಗೋ ಸಂಭಾಳಿಸುತ್ತಾರೆ. ನಮ್ಮ ಶಾಪಿಗೆ ಹೊಸ ಅಪ್ರೆಂಟಿಸ್ ಹುಡುಗ ಬಂದರೆ ಸವೆದ ವರ್ನಿಯರ್ ಕೈಗೆ ಕೊಡುವುದಿಲ್ಲ, ಇದ್ದದ್ದರಲ್ಲಿ ಒಳ್ಳೆಯದನ್ನೇ ಕೊಡುತ್ತೇವೆ. ಇಲ್ಲದಿದ್ದರೆ ಅಳೆಯಲು ತಪ್ಪಿದ್ದು ಅವನೋ ವರ್ನಿಯರೋ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೆಲಸದಲ್ಲಿ ಇಷ್ಟು ಗೊತ್ತಿದ್ದೂ ಮನೆಯಲ್ಲಿ, "ಕಲಿಯೋಕೆ ತಾನೇ, ಅಗ್ಗದ್ದು ಸಾಕು" ಅಂದುಕೊಂಡೆ.

ಮುಂದಿನ ಭಾನುವಾರ ಸರ್ ನಮ್ಮಿಬ್ಬರನ್ನೂ ಮನೆಗೆ ಕರೆದರು. ಅವರು ಸೇನೆಯ ಬ್ಯಾಂಡಿನಲ್ಲಿದ್ದು ನಿವೃತ್ತರಾದವರು. ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟಲ್ ಸೆಂಟರ್ ನಮ್ಮ ಊರಲ್ಲೇ ಇರುವುದರಿಂದ ಸೇನೆಯಿಂದ ನಿವೃತ್ತರಾದವರು ಬೆಳಗಾವಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರಲ್ಲಿ ಬ್ಯಾಂಡಿನಲ್ಲಿದ್ದವರು ಒಬ್ಬರು ಪರಿಚಯವಾದರೂ ಸಾಕು, ಯಾವ ಅಂಗಡಿಯವರಿಗಿಂತ ಚೆನ್ನಾಗಿ ಹೇಳುತ್ತಾರೆ. ವಾದ್ಯ ಕೊಳ್ಳುವ ಮುಂಚೆ ಇಂಥ ಒಬ್ಬರನ್ನು ಹುಡುಕಿ.

ಸರ್ ಟೇಬಲ್ ಮೇಲೆ ಇಡೀ ವಾದ್ಯ ಇಡಲೇ ಇಲ್ಲ. ಊದುವ ತುದಿಗಳನ್ನು ಮಾತ್ರ ಇಟ್ಟಿದ್ದರು. ಫ್ಲೂಟಿನ ತಲೆಯ ತುಂಡು, ಟ್ರಂಪೆಟ್ಟಿನ ಮೌತ್‌ಪೀಸ್, ಕ್ಲಾರಿನೆಟ್ಟಿನ ಮೌತ್‌ಪೀಸ್ ಮತ್ತು ಅದರ ಕೆಳಗಿನ ಬ್ಯಾರಲ್, ಆಲ್ಟೋ ಸ್ಯಾಕ್ಸೋಫೋನಿನ ಬಾಗಿದ ಕುತ್ತಿಗೆ. ಒಂದೊಂದನ್ನೂ ಸ್ವಚ್ಛ ಮಾಡಿ ಮಗಳ ಕೈಗೆ ಕೊಟ್ಟರು. ಮಗುವಿಗೆ ಯಾವುದರಲ್ಲಿ ಸಲೀಸಾಗಿ ನಾದ ಹುಟ್ಟುತ್ತದೆ ಅಂತ ಇಷ್ಟರಲ್ಲೇ ತಿಳಿಯುತ್ತದಂತೆ.

ಫ್ಲೂಟಿನಲ್ಲಿ ನಾಲ್ಕನೇ ಸಲಕ್ಕೆ ಸದ್ದು ಬಂತು, ಆದರೆ ತಲೆ ತಿರುಗಿತು. ಊದಿದ ಗಾಳಿಯಲ್ಲಿ ಎಷ್ಟೋ ಪಾಲು ತೂತಿನ ಆಚೆಗೇ ಹೋಗುವುದರಿಂದ ಹೊಸಬರಿಗೆ ಮೊದಲ ದಿನಗಳಲ್ಲಿ ಹೀಗಾಗುತ್ತದೆ, ಹೆದರಬೇಕಾಗಿಲ್ಲ. ಪೂರ್ತಿ ಫ್ಲೂಟ್ ಜೋಡಿಸಿ ಹಿಡಿದಾಗ ಬಲಗೈ ಎಟುಕಿತು, ಆದರೆ ಭುಜ ಎತ್ತಿ ಹಿಡಿಯಬೇಕಾಯಿತು. ತೀರಾ ಚಿಕ್ಕ ಮಕ್ಕಳಿಗಾಗಿ ತಲೆ ಹಿಂದಕ್ಕೆ ಬಾಗಿದ ಫ್ಲೂಟ್ ಸಿಗುತ್ತದೆ, ಐದನೇ ಕ್ಲಾಸಿನವರಿದ್ದರೆ ಅದನ್ನು ನೋಡಿ. ಟ್ರಂಪೆಟ್ ಮೌತ್‌ಪೀಸಿನಲ್ಲಿ ತುಟಿ ಗುಯ್ಯೆನ್ನಬೇಕು. ಬಂತು, ಆದರೆ ಅವಳ ಮುಖದಲ್ಲಿ ಖುಷಿ ಇರಲಿಲ್ಲ, ಆ ಮೂರು ತಿಂಗಳು ಅವಳಿಗೆ ಇನ್ನೂ ನೆನಪಿತ್ತು. ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಮಕ್ಕಳಿಗೆ ಟ್ರಂಪೆಟ್ ಒತ್ತುತ್ತದೆ, ತುಟಿ ಒಳಗಿಂದ ಗಾಯ ಆಗುತ್ತದೆ, ಇದು ಗೊತ್ತಿರಲಿ. ಸ್ಯಾಕ್ಸೋಫೋನ್ ಮಾತ್ರ ಮೊದಲ ಉಸಿರಿಗೇ ಕೂಗಿತು. ಬೆರಳಿಡುವುದೂ ಸುಲಭ, ಕೆಳಗಿನ ಸ್ವರಕ್ಕೆ ಇಟ್ಟ ಬೆರಳೇ ಹೆಬ್ಬೆರಳಿನ ಕೀ ಒತ್ತಿದರೆ ಮೇಲಿನ ಸಪ್ತಕಕ್ಕೂ ನಡೆಯುತ್ತದೆ. ಆದರೆ ಎರಡೂವರೆ ಕೆಜಿ ಆಸುಪಾಸಿನ ಭಾರ ಹನ್ನೆರಡು ವರ್ಷದ ಹುಡುಗಿಯ ಕುತ್ತಿಗೆಗೆ ನೇತು ಹಾಕಿ ಪರೇಡಿನಲ್ಲಿ ನಡೆಸಬೇಕು. ಬೆಲೆಯೂ ನಮ್ಮ ಕೈಗೆ ಎಟುಕುವಂಥದ್ದಲ್ಲ.

ಕ್ಲಾರಿನೆಟ್ ಮೌತ್‌ಪೀಸಿನಲ್ಲಿ ಮೊದಲು ಕೀಚಲು, ಮೂರನೇ ಸಲಕ್ಕೆ ನೇರವಾದ ಒಂದು ಸ್ವರ. ಮಗಳು ನಕ್ಕಳು. ಆಮೇಲೆ ಸರ್ ಪೂರ್ತಿ ಕ್ಲಾರಿನೆಟ್ ಕೊಟ್ಟು ತೂತುಗಳನ್ನು ಬೆರಳಿಂದ ಮುಚ್ಚಿ ಸ್ವಲ್ಪ ಒತ್ತು ಅಂದರು. ಬೆರಳು ತೆಗೆದಾಗ ತುದಿಯ ಮೇಲೆ ದುಂಡನೆ ಗುರುತು ಮೂಡಿರುತ್ತದೆ. ಆ ದುಂಡು ಪೂರ್ತಿ ಇದ್ದರೆ ಬೆರಳು ತೂತು ಮುಚ್ಚುತ್ತಿದೆ ಅಂತ ಅರ್ಥ, ಅರ್ಧಚಂದ್ರ ಇದ್ದರೆ ಇನ್ನೊಂದು ವರ್ಷ ಕಾಯಿರಿ ಅಂತ ಅರ್ಥ. ಬಲಗೈ ಉಂಗುರದ ಬೆರಳನ್ನು ಜಾಸ್ತಿ ಹೊತ್ತು ನೋಡಿದರು, ಬಹಳ ಮಕ್ಕಳಿಗೆ ಎಟುಕದೆ ಇರುವುದು ಅದೇ. ಅವಳದ್ದು ಆರೂ ಬೆರಳಿಗೆ ಪೂರ್ತಿ ದುಂಡು ಬಂತು. ಖರೀದಿಯ ಮಾತು ಅಲ್ಲಿಂದ ಶುರುವಾಯಿತು.

ಖಡೇಬಜಾರ್, ಗಣಪತಗಲ್ಲಿ ಕಡೆ ಎಲ್ಲಾ ಸುತ್ತಿದೆ. ಹಾರ್ಮೋನಿಯಂ, ತಬಲಾ, ಗಿಟಾರ್, ಕೀಬೋರ್ಡ್, ಗಣಪತಿ ಹಬ್ಬದ ಢೋಲು ತಾಶೆ ಬೇಕಾದಷ್ಟು ಸಿಗುತ್ತವೆ. ಊದುವ ವಾದ್ಯ ಕೇಳಿದರೆ ತರಿಸಿ ಕೊಡುತ್ತೇವೆ ಅನ್ನುತ್ತಾರೆ. ತರಿಸಿದ ಮೇಲೆ ಊದಿ ನೋಡಿ ಬೇಡ ಅನ್ನಲು ಬಿಡುವುದಿಲ್ಲ, ನನಗೆ ಹಿಡಿಸದೆ ಇದ್ದದ್ದು ಅದೇ. ಮೀರಜ್ ಹತ್ತಿರ ಇದೆಯಲ್ಲ, ಅಲ್ಲಿಗೆ ಹೋಗು ಅಂತ ಇಬ್ಬರು ಮೂವರು ಹೇಳಿದರು. ಮೀರಜ್ ದೊಡ್ಡ ಹೆಸರೇ, ಅಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಆದರೆ ಅದು ತಂತಿ ವಾದ್ಯದ ಕಸುಬು, ಕ್ಲಾರಿನೆಟ್ಟಿನ ಪ್ಯಾಡ್, ಅಂದರೆ ತೂತು ಮುಚ್ಚುವ ಕೀಗಳ ಕೆಳಗಿನ ಮೆತ್ತೆ, ಕೂರಿಸುವ ಕೆಲಸ ಬೇರೆ.

ಕೊನೆಗೆ ದಾರಿ ತೋರಿಸಿದ್ದು ಶಹಾಪುರ ಕಡೆ ಮದುವೆ ಬ್ಯಾಂಡಿನವರ ವಾದ್ಯ ರಿಪೇರಿ ಮಾಡುವ ಒಬ್ಬ ಕಾಕಾ. ಚಿಕ್ಕ ಕೋಣೆ, ಗೋಡೆ ತುಂಬಾ ಮೀರತ್ತಿನಿಂದ ಬಂದ ಹಿತ್ತಾಳೆಯ ವಾದ್ಯಗಳು. ಈ ಕಾಕಾರ ಕೆಲಸಕ್ಕೆ ಐದಕ್ಕೆ ಐದು ಕೊಡುತ್ತೇನೆ. ಅವರು ಮೊದಲು 9,000ಕ್ಕೆ ಒಂದು ಹಳೆಯ ಕರಿಮರದ ಕ್ಲಾರಿನೆಟ್ ತೋರಿಸಿದರು, ನೋಡಲು ಬಹಳ ಚಂದ. ಆದರೆ ಇದು ನಿಮ್ಮ ಹುಡುಗಿಗೆ ಬೇಡ ಅಂತ ಅವರೇ ಹೇಳಿದರು. ಅದು ಆಲ್ಬರ್ಟ್ ಪದ್ಧತಿಯದು, 13 ಕೀ. ಈಗ ಶಾಲೆಗಳಲ್ಲಿ ಕಲಿಸುವುದು ಬೋಮ್ ಪದ್ಧತಿ, 17 ಕೀ, ಬೆರಳಿಡುವ ಕ್ರಮವೇ ಬೇರೆ. ಆನ್‌ಲೈನಿನಲ್ಲಿ ಹಳೆಯ ಕ್ಲಾರಿನೆಟ್ ಅಗ್ಗಕ್ಕೆ ಕಂಡರೆ ಮೊದಲು ಇದನ್ನೇ ಕೇಳಿ.

ಎರಡು ವಾರ ಬಿಟ್ಟು ಅವರೇ ಫೋನ್ ಮಾಡಿದರು. ಕಾಲೇಜು ಮುಗಿಸಿ ಊರು ಬಿಟ್ಟ ಹುಡುಗನದು, ಯಮಾಹಾ 255, ಪೆಟ್ಟಿಗೆ ಸಮೇತ 26,000. ಹೊಸದಕ್ಕೆ ವಿಚಾರಿಸಿದಾಗ ಅರ್ಧ ಲಕ್ಷ ದಾಟಿತ್ತು. ಕಾಕಾ ನನ್ನ ಎದುರಿಗೇ ಪರೀಕ್ಷೆ ಮಾಡಿದರು, ನಾನು ಇನ್‌ಸ್ಪೆಕ್ಷನ್ ಮಾಡುವವನು, ನನಗದು ಹಬ್ಬದಂತಿತ್ತು. ಮೇಲಿನ ತುಂಡಿನ ಕೆಳಬಾಯಿಯನ್ನು ಅಂಗೈಯಿಂದ ಮುಚ್ಚಿ, ತೂತುಗಳನ್ನೆಲ್ಲಾ ಬೆರಳಿಂದ ಮುಚ್ಚಿ, ಮೇಲಿಂದ ಗಾಳಿ ಹೀರಿ ಬಾಯಿ ತೆಗೆದಾಗ ಟಪ್ ಅಂತ ಸದ್ದು ಬರಬೇಕು. ಬಂದರೆ ಸೋರಿಕೆ ಇಲ್ಲ. ಕೆಳಗಿನ ತುಂಡಿನಲ್ಲಿ ಆ ಸದ್ದು ಬರಲಿಲ್ಲ. ಆಗ ಬೀಡಿ ಸುತ್ತುವ ಕಾಗದದಷ್ಟು ತೆಳುವಾದ ಚೂರನ್ನು ಒಂದೊಂದೇ ಪ್ಯಾಡಿನ ಕೆಳಗೆ ಇಟ್ಟು, ಕೀ ಮುಚ್ಚಿ ಎಳೆದರು. ಎರಡು ಕಡೆ ಕಾಗದ ಸಲೀಸಾಗಿ ಜಾರಿತು. ಆ ಎರಡು ಪ್ಯಾಡ್ ಮತ್ತು ಜೋಡಣೆಯ ಒಂದು ಕಾರ್ಕ್ ಬದಲಿಸಿದರು, 1,800 ತಗೊಂಡರು. ಆಮೇಲೆ ಬ್ಯಾಂಡ್ ಸರ್ ಬಂದು ಹದಿನೈದು ನಿಮಿಷ ಊದಿದರು. ಅವರು ಹೂಂ ಅಂದ ಮೇಲೆಯೇ ದುಡ್ಡು ಎಣಿಸಿದೆ.

ಈ ಮಾಡೆಲ್ಲಿನ ಮೈ ಮರದ್ದಲ್ಲ, ಎಬಿಎಸ್ ಪ್ಲಾಸ್ಟಿಕ್. ಪ್ಲಾಸ್ಟಿಕ್ ಅಂದ ತಕ್ಷಣ ನಮ್ಮ ಮನೆಯಲ್ಲಿ ಮುಖ ಸಣ್ಣ ಮಾಡಿದರು. ಬೆಳಗಾವಿಯ ಹವೆಗೆ ಶಾಲೆಯ ಮಕ್ಕಳಿಗೆ ಇದೇ ಸರಿ ಅಂತ ಈಗ ನನಗೆ ಪೂರ್ತಿ ನಂಬಿಕೆ ಬಂದಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು ಬರುತ್ತದೆ. ಮಾರ್ಚಿಗೆ ಒಣ ಬಿಸಿಲು. ಗ್ರೆನಡಿಲ್ಲಾ ಅನ್ನೋ ಕರಿಮರದ ಕ್ಲಾರಿನೆಟ್ ಹೀಗೆ ಹಸಿ ಒಣ ಆಗುತ್ತಾ ಹೋದರೆ ಬಿರುಕು ಬಿಡಬಹುದು. ಪ್ಲಾಸ್ಟಿಕ್ಕಿಗೆ ಆ ಚಿಂತೆ ಇಲ್ಲ. ಆದರೆ ಪ್ಯಾಡುಗಳು ತೇವಕ್ಕೆ ಉಬ್ಬುತ್ತವೆ, ಅದು ಪ್ಲಾಸ್ಟಿಕ್ಕಿನಲ್ಲೂ ತಪ್ಪಿದ್ದಲ್ಲ. ಮಳೆಗಾಲ ಪೂರ್ತಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಟಿ ಇಟ್ಟೆವು. ಊದಿ ಮುಗಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸದೆ ಮುಚ್ಚಬಾರದು ಅನ್ನೋ ನಿಯಮ ಮಾಡಿದೆವು. ಇನ್ನೊಂದು ನಿಯಮವೂ ಇದೆ, ಕುಂದಾ ತಿಂದು ಊದುವಂತಿಲ್ಲ. ಬಾಯಿ ಮುಕ್ಕಳಿಸಿಯೇ ಊದಬೇಕು. ಸಿಹಿ ಎಂಜಲು ಪ್ಯಾಡಿಗೆ ಅಂಟಿದರೆ ಕೀ ತೆಗೆಯುವಾಗ ಪಚಪಚ ಅನ್ನುತ್ತದೆ, ಒಮ್ಮೆ ನಮಗೇ ಆಗಿತ್ತು.

ಬಳಕೆಯ ವಿಷಯಕ್ಕೆ ಬಂದರೆ, ಕೆಳಗಿನ ಸ್ವರಗಳು ಒಂದೇ ತಿಂಗಳಿಗೆ ದುಂಡಗೆ ಬಂದವು. ಜೊತೆಗೆ ಬರುವ 4ಸಿ ಮೌತ್‌ಪೀಸ್ ಹೊಸಬರಿಗೆ ಚೆನ್ನಾಗಿ ಒಗ್ಗುತ್ತದೆ, ಬದಲಿಸುವ ಅಗತ್ಯ ಬಿದ್ದಿಲ್ಲ. ಕಷ್ಟ ಬಂದಿದ್ದು ನಡುವಿನ ಸ್ವರ ದಾಟುವಾಗ. ಕ್ಲಾರಿನೆಟ್ಟಿನಲ್ಲಿ ಹೆಬ್ಬೆರಳಿನ ರಿಜಿಸ್ಟರ್ ಕೀ ಒತ್ತಿದರೆ ಸ್ವರ ಒಂದು ಸಪ್ತಕ ಏರುವುದಿಲ್ಲ, ಅದಕ್ಕಿಂತ ಮೇಲೆ ಹನ್ನೆರಡನೇ ಸ್ವರಕ್ಕೆ ಜಿಗಿಯುತ್ತದೆ. ಹಾಗಾಗಿ ಮೇಲಿನ ಸ್ವರಗಳಿಗೆ ಬೆರಳು ಹೊಸದಾಗಿ ಕಲಿಯಬೇಕು. ಬೆರಳೆಲ್ಲಾ ತೆಗೆದಿರುವ ಸ್ವರದಿಂದ ಒಮ್ಮೆಗೇ ಎಲ್ಲಾ ಬೆರಳು ಮುಚ್ಚುವ ಸ್ವರಕ್ಕೆ ಹೋಗುವಾಗ ಒಂದು ತೂತು ಕೂದಲೆಳೆಯಷ್ಟು ಬಿಟ್ಟರೂ ಕೀರ್ ಅನ್ನುತ್ತದೆ. ಮೂರು ತಿಂಗಳು ಮನೆಯಲ್ಲಿ ಈ ಕೀರ್ ಕೇಳಿದೆವು. ಈ ಸಲ ಮಗಳು ಹೆದರಲಿಲ್ಲ. ಯಾಕಂದರೆ ಸರ್ ಅದೇ ವಾದ್ಯ ತಗೊಂಡು ಅದೇ ಜಾಗದಲ್ಲಿ ಬೆಣ್ಣೆಯ ಹಾಗೆ ನುಡಿಸಿ ತೋರಿಸಿದ್ದರು. ವಾದ್ಯ ಸರಿ ಇದೆ, ನನ್ನ ಬೆರಳು ಕಲಿಯಬೇಕು ಅಷ್ಟೇ ಅಂತ ಅವಳಿಗೆ ಗೊತ್ತಿತ್ತು. ಟ್ರಂಪೆಟ್ಟಿಗೂ ಇದಕ್ಕೂ ನಾನು ಕಂಡ ದೊಡ್ಡ ವ್ಯತ್ಯಾಸ ಇದೇ.

ಮನೆಯಲ್ಲಿ ಇನ್ನೊಂದು ಗೊಂದಲ ಆಯಿತು, ನಿಮಗೂ ಆಗುತ್ತದೆ. ನಮ್ಮ ಅವ್ವ ಹಾರ್ಮೋನಿಯಂ ಹಿಡಿದು ಭಜನೆ ಹಾಡುವವರು. ಮೊಮ್ಮಗಳು ಪುಸ್ತಕ ನೋಡಿ ಸಿ ಊದಿದಳು, ಅವ್ವ ಬಿಳಿ ಒಂದು, ಅಂದರೆ ಹಾರ್ಮೋನಿಯಂನ ಸಿ, ಒತ್ತಿದರು, ಎರಡೂ ಕೂಡಲೇ ಇಲ್ಲ. ನನಗೆ ಎದೆ ಧಸಕ್ಕೆಂದಿತು, ಮತ್ತೆ ಮೋಸ ಹೋದೆನಾ ಅಂತ. ಇದು ವಾದ್ಯದ ದೋಷವಲ್ಲ. ಶಾಲೆಯಲ್ಲಿ ಬಳಸುವ ಕ್ಲಾರಿನೆಟ್ ಬಿ ಫ್ಲ್ಯಾಟ್ ವಾದ್ಯ, ಅದರ ಸಿ ಅಂದರೆ ಹಾರ್ಮೋನಿಯಂನ ಕಪ್ಪು ಐದು. ಟ್ರಂಪೆಟ್ಟೂ ಹಾಗೇ. ಆಲ್ಟೋ ಸ್ಯಾಕ್ಸೋಫೋನ್ ಇ ಫ್ಲ್ಯಾಟ್. ಫ್ಲೂಟ್ ಮಾತ್ರ ಬಿಳಿ ಒಂದಕ್ಕೆ ಸರಿ ಹೋಗುತ್ತದೆ. ಅವ್ವ ಅಂದಿನಿಂದ ಕಪ್ಪು ಐದರ ಷಡ್ಜ ಹಿಡಿಯುತ್ತಾರೆ, ಇಬ್ಬರೂ ಜೊತೆಗೆ ಕೂರುತ್ತಾರೆ. ಮನೆಯಲ್ಲಿ ಕೀಬೋರ್ಡ್ ಇದ್ದವರು ಟ್ರಾನ್ಸ್‌ಪೋಸ್ ಗುಂಡಿಯನ್ನು ಮೈನಸ್ ಎರಡಕ್ಕೆ ಇಟ್ಟರೆ ಆಯಿತು.

ಅರ್ಧ ಅಂಕ ಯಾಕೆ ಕಡಿಮೆ ಕೊಟ್ಟೆ? ಕೀಗಳ ಸಲಾಕೆ ಸೂಕ್ಷ್ಮ. ಎರಡು ತುಂಡುಗಳನ್ನು ಜೋಡಿಸುವ ಕಡೆ ಒಂದು ಸೇತುವೆಯಂಥ ಕೀ ಇದೆ. ಜೋಡಿಸುವಾಗ ಮೇಲಿನ ತುಂಡಿನ ಉಂಗುರ ಒತ್ತಿ ಹಿಡಿದು ಅದನ್ನು ಎತ್ತಿಕೊಳ್ಳಬೇಕು. ಮಗಳು ಅವಸರದಲ್ಲಿ ತಿರುಗಿಸಿ ಎರಡು ಸಲ ಬಾಗಿಸಿದಳು, ಎರಡು ಸಲ ಕಾಕಾ ಹತ್ತಿರ ಓಡಿದೆವು. ಬಲಗೈ ಹೆಬ್ಬೆರಳಿನ ಮೇಲೆ ಎಲ್ಲಾ ಭಾರ ಬೀಳುತ್ತದೆ, ತೂಕ ಮುಕ್ಕಾಲು ಕೆಜಿ ಆಸುಪಾಸು, ಅರ್ಧ ತಾಸಿಗೆ ಬೆರಳು ನೋಯುತ್ತದೆ. ಕುತ್ತಿಗೆಗೆ ಹಾಕುವ ಪಟ್ಟಿ ತಂದ ಮೇಲೆ ಕಡಿಮೆ ಆಯಿತು, ಪಟ್ಟಿಯನ್ನು ಮೊದಲ ದಿನವೇ ತನ್ನಿ.

ರೀಡಿನ ಖರ್ಚು ಯಾರೂ ಮೊದಲೇ ಹೇಳುವುದಿಲ್ಲ. ರೀಡ್ ಅಂದರೆ ಮೌತ್‌ಪೀಸಿಗೆ ಕಟ್ಟುವ, ಊದಿದಾಗ ನಡುಗಿ ಸ್ವರ ಹುಟ್ಟಿಸುವ, ಬೆತ್ತದಂಥ ಒಂದು ಹುಲ್ಲಿನ ತೆಳು ಪಟ್ಟಿ. ತುದಿ ಸೀಳಿದರೆ ಮುಗಿಯಿತು. ಹತ್ತರ ಡಬ್ಬಿ ಕೊಂಡರೆ ಒಂದೊಂದಕ್ಕೆ 250ರ ಆಸುಪಾಸು ಬಿತ್ತು. ಒಂದೇ ರೀಡನ್ನು ದಿನಾ ಊದಬಾರದು, ಮೂರು ನಾಲ್ಕನ್ನು ಸರದಿಯಲ್ಲಿ ಬಳಸಿದರೆ ಬಾಳಿಕೆ ಬರುತ್ತದೆ. ನಂಬರ್ ಏರಿದಷ್ಟೂ ರೀಡ್ ಗಟ್ಟಿ. ಒಂದೂವರೆ ನಂಬರಿನಿಂದ ಶುರು ಮಾಡಿದೆವು, ಈಗ ಎರಡು. ಗಟ್ಟಿ ರೀಡ್ ಊದಿದರೆ ದೊಡ್ಡವರ ಹಾಗೆ ಅಂತ ಹುಡುಗರು ತಮ್ಮಲ್ಲೇ ಪೈಪೋಟಿ ಮಾಡುತ್ತಾರೆ, ಅದನ್ನು ಸರ್ ನಿಲ್ಲಿಸಿದರು.

ಜನವರಿಯ ಪರೇಡ್ ತಾಲೀಮಿನ ಬಗ್ಗೆ ಒಂದು ಮಾತು. ಮುಂಜಾನೆ ಏಳಕ್ಕೆ ಮೈದಾನದಲ್ಲಿ ನಡುಕ ಹುಟ್ಟಿಸುವ ಚಳಿ. ತಣ್ಣಗಿರುವ ವಾದ್ಯದ ಸ್ವರ ಇಳಿದಿರುತ್ತದೆ, ಊದುತ್ತಾ ಬಿಸಿಯಾದ ಹಾಗೆ ಏರುತ್ತದೆ. ಮೊದಲೇ ಶ್ರುತಿ ಮಾಡಿ ಕೂತರೆ ಹತ್ತು ನಿಮಿಷಕ್ಕೆ ಕೆಡುತ್ತದೆ. ಐದು ನಿಮಿಷ ಊದಿ ಬೆಚ್ಚಗೆ ಮಾಡಿ, ಆಮೇಲೆ ಬ್ಯಾರಲ್ ಸ್ವಲ್ಪ ಎಳೆದು ಸರಿ ಮಾಡಬೇಕು. ಮಗಳು ಈಗ ಇದನ್ನು ತಾನೇ ಮಾಡಿಕೊಳ್ಳುತ್ತಾಳೆ. ಈ ನವೆಂಬರ್ 1ಕ್ಕೆ ಶಾಲೆಯ ಮೈದಾನದಲ್ಲಿ ನಾಡಗೀತೆ ನುಡಿಸಿದರು. ಮೂರು ಕ್ಲಾರಿನೆಟ್, ಎರಡು ಟ್ರಂಪೆಟ್, ಒಂದು ಫ್ಲೂಟ್. ಅವಳ ಕ್ಲಾರಿನೆಟ್ ಒಮ್ಮೆಯೂ ಕೀರ್ ಅನ್ನಲಿಲ್ಲ.

ಅವತ್ತೇ ಗೇಟಿನ ಹತ್ತಿರ ಆರನೇ ಕ್ಲಾಸಿನ ಹುಡುಗನೊಬ್ಬನ ತಂದೆ ಸಿಕ್ಕರು. ನಿಮ್ಮ ಹಳೇ ಟ್ರಂಪೆಟ್ ಸುಮ್ನೆ ಬಿದ್ದಿದೆಯಂತೆ, 3,000 ಕೊಡುತ್ತೇನೆ, ಕಲಿಯೋಕೆ ಸಾಕು ಅಂದರು. ಆ ಟ್ರಂಪೆಟ್ ಇನ್ನೊಂದು ಮಗುವಿನ ಕೈಗೆ ಹೋಗಬಾರದು. ಕೊಡುವುದಿಲ್ಲ ಅಂದೆ. ಕಾರಣ ಹೇಳಿದೆ. ಭಾನುವಾರ ಅವರನ್ನೂ ಹುಡುಗನನ್ನೂ ಸರ್ ಮನೆಗೆ ಕರೆದುಕೊಂಡು ಹೋದೆ. ಹುಡುಗ ಟ್ರಂಪೆಟ್ ಮೌತ್‌ಪೀಸ್ ಬಾಯಿಗಿಟ್ಟ ಮೊದಲ ಸಲಕ್ಕೇ ಗುಯ್ ಅಂತ ದಪ್ಪನೆ ಸದ್ದು ತೆಗೆದ. ಬಿಡಲು ಮನಸ್ಸೇ ಇಲ್ಲ. ಅವನಿಗೆ ಒಂದು ಒಳ್ಳೆಯ ಟ್ರಂಪೆಟ್ ಬಂದರೆ ತಿಳಿಸಿ ಅಂತ ಕಾಕಾಗೆ ಹೇಳಿಟ್ಟಿದ್ದೇವೆ.